ಸೋಮವಾರದೊಳಗೆ ಬಾ

ಕ್ಯಾಸಂಬಳ್ಳಿ
10-11-1960, ಗುರುವಾರ

ಸೌಭಾಗ್ಯವತಿ ಗಂಗರತ್ನಳಿಗೆ ಕೋದಂಡಪ್ಪ ಮಾಡುವ ಆಶೀರ್ವಾದ.

ಇತ್ತ ಕ್ಷೇಮ ಎಂದು ಬರೆಯುವುದು ರೂಢಿ. ಮೂರು ತಿಂಗಳಿಂದ ತಾನೇ ಒಲೆ ಊದಿ, ತಾನೇ ಮುದ್ದೆ ತಿರುವಿ ಉಣ್ಣುವ ಗಂಡನ ಕ್ಷೇಮ ಎಂಥದೆಂದು ನಿನಗೆ ಗೊತ್ತು.

ನಂದಿದುರ್ಗ ಗಣಿಯ ಲೈನು ಮನೆಯಲ್ಲಿ ನಿನ್ನ ಅಣ್ಣ ಹೇಗಿದ್ದಾರೆ? ನಿನ್ನ ಎಡಗಿವಿ ನೋವು ಇಳಿಯಿತೇ? ನಿನಗೆ ಮೊದಲಿಂದಲೂ ಶೀತದ ಮೈ. ಬಿಸಿ ಎಣ್ಣೆ ಬಿಡಿಸಿಕೋ.

ಒಂದು ಸುದ್ದಿ ಇದೆ. ನಾನು ನ್ಯಾಯ ಪಂಚಾಯಿತಿಗೆ ಗೆದ್ದೆ. ಇನ್ನು ಸಣ್ಣಪುಟ್ಟ ಜಗಳ, ಹೊಡೆದಾಟಕ್ಕೆಲ್ಲ ಜನ ಬಂಗಾರಪೇಟೆಗೋ ಕೋಲಾರಕ್ಕೋ ಅಲೆಯಬೇಕಿಲ್ಲ. ನಾವು ಐವರೇ ಕೂತು ತೀರ್ಮಾನ ಕೊಡುತ್ತೇವೆ. ಈ ಚುನಾವಣೆಗೆ ಪಕ್ಷವಿಲ್ಲ, ಗುರುತಿಲ್ಲ. ಪಂಚಾಯಿತಿ ಮೆಂಬರುಗಳು ಆಳನ್ನು ನೋಡಿ, ಅವನ ಮನೆ ನೋಡಿ ಕೈ ಎತ್ತಬೇಕು. ನಮ್ಮ ಮನೆಯಲ್ಲಿ ನೀನಿರಲಿಲ್ಲ.

ಕೊನೆಯ ಸ್ಥಾನಕ್ಕೆ ಐದು ಕೈ ನನಗೆ, ಐದು ಅಶ್ವತ್ಥಪ್ಪನಿಗೆ. ಉಳಿದವಳು ಮುತ್ಯಾಲಮ್ಮ, ಹೆಂಗಸರ ಸೀಟಿನ ಮೆಂಬರು. ಎಲ್ಲರೆದುರಿಗೇ ಕೇಳಿದಳು: "ನಿನ್ ಎಂಡ್ತಿ ಯಾಕಪ್ಪಾ ಮನೇಲಿಲ್ಲ? ನಿಜ ಯೋಳು, ಕೈ ಎತ್ತೀನಿ."

ಅತ್ತಿಗೆಯ ಬಾಣಂತನಕ್ಕೆ ಹೋಗಿದ್ದಾಳೆ ಎಂದೆ. ಮುದುಕಿ ನನ್ನ ಮುಖವನ್ನೇ ನೋಡುತ್ತ ಕೈ ಎತ್ತಿದಳು. ಹಾರ ಹಾಕಿದರು. ಮನೆಗೆ ಬಂದು, ಅದನ್ನು ತೋರಿಸಲು ಯಾರೂ ಇಲ್ಲದೆ ಎಮ್ಮೆಯ ಕೊರಳಿಗೆ ಹಾಕಿದೆ. ಅದು ತಿಂದುಹಾಕಿತು. ನಗಬೇಡ.

ಸೋಮವಾರ ನಮ್ಮ ಮೊದಲ ಸಭೆ. ಅದರೊಳಗೆ ಬಂದುಬಿಡು. ನಮ್ಮಿಬ್ಬರ ಮಾತು ನಮ್ಮಲ್ಲೇ ಇರಲಿ. ಬಸ್ಸು ಬರುವ ಹೊತ್ತಿಗೆ ಗಾಡಿ ಕಟ್ಟಿಕೊಂಡು ರಸ್ತೆಯಲ್ಲಿ ನಿಂತಿರುತ್ತೇನೆ. ಒಬ್ಬನೇ ಉಣ್ಣುವುದು ಸಾಕಾಗಿದೆ ರತ್ನ. ಮನೆಯೊಳಗೆ ಕಾಲಿಡಲು ಭಯವಾಗುತ್ತದೆ.

ನಿನ್ನ ದಾರಿ ನೋಡುತ್ತಿರುವ,
ಕೋದಂಡಪ್ಪ

ತಾ.ಕ.: ಸೋಮವಾರದ ಮೊದಲ ಅರ್ಜಿಯನ್ನು ಕಾರ್ಯದರ್ಶಿ ಇವತ್ತು ಬೆಳಿಗ್ಗೆಯೇ ತಂದು ತೋರಿಸಿದ. ನನ್ನ ಮೇಲೆ, ನಿನ್ನ ಕೈಬರಹದಲ್ಲಿ. ಮೇಲಿನದೆಲ್ಲ ಅದನ್ನು ಓದಿದ ಮೇಲೆ, ನೀನು ಅರ್ಜಿ ವಾಪಸು ತೆಗೆದುಕೊಳ್ಳಲೆಂದೇ ಬರೆದದ್ದು. ಈ ಕಾಗದ ಹರಿದು ಬೇರೆ ಬರೆಯಬಹುದಿತ್ತು. ನಾನು ಎಂಥವನೆಂದು ತಿಳಿಯಲಿ ಎಂದು ಹಾಗೇ ಕಳಿಸುತ್ತಿದ್ದೇನೆ. ನಿನ್ನ ಕಿವಿಗೆ ಆದದ್ದು ಶೀತವಲ್ಲ, ನನ್ನ ಏಟು. ಸೋಮವಾರ ನಾನು ಆ ಐವರಲ್ಲಿ ಒಬ್ಬನಾಗಿ ಕೂರುವುದಿಲ್ಲ. ಸಾಕ್ಷಿ ಎಂಬಲ್ಲಿ ಯಾರೂ ಇಲ್ಲ ಎಂದು ಬರೆದಿದ್ದೀಯ. ನನ್ನ ಹೆಸರು ಹಾಕು. ನಾನಿದ್ದೆನಲ್ಲ.