ಯಾದ್ವಿಗಾ ಅಮ್ಮನವರ ಬಿಳಿ ಕೋಟು

ಲೆಶ್ನೊ, ಪೋಲೆಂಡ್
ಸೋಮವಾರ

ಅಕ್ಕಾ,

ನಿನ್ನೆಯ ಮಣ್ಣಿನ ಟ್ರ್ಯಾಕಿನ ಬೈಕ್ ರೇಸಲ್ಲೂ ಸೋತಿದ್ದರೆ ತಂಡದವರು ನನ್ನನ್ನು ಆಸ್ಟ್ರೇಲಿಯಾಕ್ಕೆ ವಾಪಸ್ ಕಳಿಸುವವರಿದ್ದರು. ಅಲ್ಲಿ ಭಾವ ತಮ್ಮ ಮಾಂಸದಂಗಡಿಯಲ್ಲಿ ನನಗೊಂದು ಏಪ್ರನ್ ತೆಗೆದಿಟ್ಟು ಕಾಯುತ್ತಿದ್ದಾರೆಂದು ಬಲ್ಲೆ.

ನನ್ನ ಮನೆಯೊಡತಿ ಯಾದ್ವಿಗಾ ಅಮ್ಮನವರು ಚರ್ಚಿಗೆ ಹಾಕಿದ ಬಿಳಿ ಕೋಟಿನಲ್ಲೇ ರೇಸಿಗೆ ಬಂದು ಮೊದಲ ತಿರುವಿನ ಬೇಲಿ ಪಕ್ಕ ಕೂರುತ್ತಾರೆ. ಬೇಲಿಗೆ ಒತ್ತಿ ಓಡಿಸುವ ಧೀರರ ಚಕ್ರದ ಮಣ್ಣು ಮೈಮೇಲೆ ಬಿದ್ದರೆ ಇಲ್ಲಿಯವರಿಗೆ ತೀರ್ಥ ಚಿಮುಕಿಸಿದ ಹಾಗೆ. ನಾನೋ ಒಳಗಿನ ಗೆರೆ ಹಿಡಿದು ಜೋಪಾನವಾಗಿ ಹೋಗುತ್ತಿದ್ದವನು.

"ಏನಪ್ಪಾ, ಹೋದ ವಾರವೂ ಕೋಟು ಬೆಳ್ಳಗೇ ಉಳೀತು. ನೀನು ಬೈಕ್ ಓಡಿಸ್ತೀಯೋ, ಕೂಸನ್ನ ತಳ್ಳುಗಾಡೀಲಿ ತಿರುಗಿಸ್ತೀಯೋ?" ಎಂದು ನಿನ್ನೆ ರೇಸಿಗೆ ಮುಂಚೆ ಸೂಪು ಬಡಿಸುತ್ತಲೇ ಚುಚ್ಚಿದರು.

ರೋಷ ಬಂತು. ನಮ್ಮ ರೇಸಿನ ಬೈಕುಗಳಿಗೆ ಬ್ರೇಕೇ ಇರುವುದಿಲ್ಲ, ಗೊತ್ತಲ್ಲ; ಆದರೂ ಬೇಲಿಯಂಚಿಗೇ ನುಗ್ಗಿಸಿದೆ. ಗೆದ್ದೆ! ತಿರುಗಿ ನೋಡಿದರೆ ಅಮ್ಮನವರ ಜಾಗದಲ್ಲಿ ಒಂದು ಮಣ್ಣುಗುಡ್ಡೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.

ತಂಡದವರು ಉಳಿಸಿಕೊಂಡರು. ಮೊಣಕೈ ತರಚಿದೆ, ಅಷ್ಟೇ. ಕೋಟನ್ನು ಒಗೆದುಕೊಡುತ್ತೇನೆಂದರೆ ಅಮ್ಮನವರು ಹೊಡೆಯಲು ಬರುತ್ತಾರೆ. ಬೀದಿಗೆಲ್ಲ ಕಾಣುವಂತೆ ಕಿಟಕಿಯಲ್ಲಿ ತೂಗುಹಾಕಿದ್ದಾರೆ. ಭಾವನಿಗೆ ಹೇಳು, ಆ ಏಪ್ರನ್ ಬೇರೆ ಯಾರಿಗಾದರೂ ಕೊಡಲಿ.

ಕಾರ್ಡು ತುಂಬಿತು.
ನಿನ್ನ ತಮ್ಮ,
ಕೋಲಿನ್