ಕೆಂಪು ನೀರಿಗೆ ಆರತಿ ಎತ್ತಿದ ಮೇಲೆ

ಕುಡಿಯುವ ನೀರಿನ ಹೊಣೆ ಹೊತ್ತ ಅಧಿಕಾರಿಗಳೇ,

ನಮ್ಮ ಬೀದಿಯ ಅಂತರ್ಜಲವನ್ನು ಶುದ್ಧಗೊಳಿಸುವ ‘ವೆಚ್ಚ ಅತಿ ಹೆಚ್ಚಾಗಿರುವುದರಿಂದ’ ಏನೂ ಮಾಡಲಾಗದೆಂದು ತಾವು ಉತ್ತರ ಕಳಿಸಿದ್ದೀರಿ. ಆ ವೆಚ್ಚವನ್ನು ಅಷ್ಟು ಬೆಳೆಸಿದವರು ತಾವೇ ಎಂಬುದು ನನ್ನ ದೂರು.

ಶಿಡ್ಲಘಟ್ಟದ ಅಂಚಿನ ನಮ್ಮ ಬೀದಿಯ ತುದಿಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಶೆಡ್ಡಿದೆ. ಎಂಬತ್ತೊಂಬತ್ತನೇ ಇಸವಿಯಲ್ಲಿ ಅದರ ಕೊಳೆನೀರು ಚರಂಡಿಯಲ್ಲಿ ಹರಿಯುತ್ತಿತ್ತು. ನಾವು ದೂರು ಕೊಟ್ಟೆವು. ಇನ್ನು ಮುಂದೆ ಚರಂಡಿಯಲ್ಲಿ ಬಣ್ಣ ಕಾಣಕೂಡದು ಎಂದು ತಾವು ಆಜ್ಞೆ ಮಾಡಿದಿರಿ. ಆಜ್ಞೆ ಅಕ್ಷರಶಃ ಪಾಲನೆಯಾಯಿತು: ಶೆಡ್ಡಿನವರು ತಮ್ಮ ಬತ್ತಿದ ಕೊಳವೆಬಾವಿಗೆ ಕೊಳೆನೀರಿನ ಪೈಪು ಇಳಿಸಿದರು. ತಾವು ಬಂದು, ಒಣಗಿದ ಚರಂಡಿ ನೋಡಿ ಸಂತೋಷಪಟ್ಟು ಹೋದಿರಿ. ಚರಂಡಿಯಲ್ಲಿದ್ದ ಕೊಳೆಯನ್ನು ಪೊರಕೆಯಿಂದಲಾದರೂ ತೊಳೆಯಬಹುದಿತ್ತಲ್ಲವೇ?

ಕಳೆದ ಬೇಸಿಗೆಯಲ್ಲಿ ತಾವು ನಮಗೆ ಹೊಸ ಬೋರು ಕೊರೆಸಿಕೊಟ್ಟಿರಿ. ನೀರು ಚಿಮ್ಮಿತು, ತಿಳಿಗೆಂಪಾಗಿ. “ನೋಡ್ರೇ, ಗಂಗಮ್ಮ ತಾಯಿ ಕುಂಕುಮ ಇಟ್ಕೊಂಡೇ ಬಂದವ್ಳೆ!” ಎಂದು ಎದುರುಮನೆಯ ಗಂಗುಲಮ್ಮ ಕೂಗಿದರು. ಹೆಂಗಸರು ಆರತಿ ಎತ್ತಿದರು. ತಮ್ಮ ಎಂಜಿನಿಯರರೂ ಒಂದು ಬೊಗಸೆ ತೀರ್ಥ ತಲೆಗೆ ಹಾಕಿಕೊಂಡರು. ಪಕ್ಕದ ಮನೆಯ ಓಬಳಮ್ಮ ಮಾತ್ರ, “ಗಂಗಮ್ಮನೂ ಆ ಶೆಡ್ಡಲ್ಲೇ ಸೀರೆಗೆ ಬಣ್ಣ ಹಾಕಿಸ್ಕೊಂಡ್ಳೇನೇ?” ಎಂದರು. ಎಲ್ಲರೂ ನಕ್ಕರು.

ಮರುದಿನವೇ ಅರ್ಜಿ ಕೊಟ್ಟೆವು. ಪೈಪು ಕೀಳಿಸುವ ಬದಲು ತಾವು ಹೊಸ ಬೋರಿನ ಮೋಟಾರನ್ನು ಹಗಲಿರುಳು ಓಡಿಸಿದಿರಿ. “ಎಳೀತಾ ಎಳೀತಾ ತಿಳಿಯಾಗ್ತದಮ್ಮ, ಸಾಹೇಬ್ರೇ ಹೇಳವ್ರೆ,” ಎಂದ ಮೋಟಾರು ನೋಡಿಕೊಳ್ಳುವ ಚಲಪತಿ. ನಿಜ, ತಿಳಿಯಾಯಿತು. ನನಗೆ ಭಯ ಹುಟ್ಟಿದ್ದು ಆಗ. ಮಕ್ಕಳಿಗೆ ಪಾಠ ಹೇಳುವಾಗ ಪದ್ಯಗಳಲ್ಲಿ ‘ತಿಳಿನೀರು’ ಎಂಬ ಮಾತನ್ನು ಎಷ್ಟು ಪ್ರೀತಿಯಿಂದ ಓದಿದ್ದೆ! ಬಣ್ಣವನ್ನು ಮಣ್ಣು ಒಂದಿಷ್ಟು ತಡೆದೀತು. ಅದರ ಜೊತೆ ಕರಗಿ ಬಂದ ಉಪ್ಪನ್ನು, ನಮಗೆ ಹೆಸರೂ ಗೊತ್ತಿಲ್ಲದ ರಸಾಯನಗಳನ್ನು ಯಾರು ತಡೆಯುತ್ತಾರೆ? ತಮ್ಮ ಕಚೇರಿಯಾದರೋ ನೀರನ್ನು ಕಣ್ಣಿನಿಂದಲೇ ಪರೀಕ್ಷಿಸಿ ಕಡತ ಮುಚ್ಚಿತು.

ಶೆಡ್ಡಿಗೂ ಹೊಸ ಬೋರಿಗೂ ನಡುವೆ ಓಬಳಮ್ಮನವರ ಸೇದುವ ಬಾವಿ ಇದೆ. ಬಳಕೆಗೆ ಬೋರಿನ ನೀರಾದರೂ, ಬೀದಿಯೆಲ್ಲ ಕುಡಿಯುವುದು ಈ ಬಾವಿಯದನ್ನೇ. ತಮ್ಮ ಮೋಟಾರು ಶೆಡ್ಡಿನ ಕಡೆಯಿಂದ ಎಳೆದದ್ದೆಲ್ಲ ಇದರ ಮಗ್ಗುಲಲ್ಲೇ ಹಾದು ಬರಬೇಕು. ಹೋದ ತಿಂಗಳಿನಿಂದ ಆ ನೀರಿನಲ್ಲಿ ಬೇಳೆ ಬೇಯುತ್ತಿಲ್ಲ. ಓಬಳಮ್ಮನವರ ಸೊಸೆಗೆ ಈಗ ಏಳು ತಿಂಗಳು.

ಇನ್ನು ವೆಚ್ಚದ ಮಾತು. ಕೊಳೆ ಎಷ್ಟು ಕಾಲದಿಂದ ಸೇರುತ್ತಿದೆ, ಎಷ್ಟು ಆಳಕ್ಕಿಳಿದಿದೆ, ಎಷ್ಟು ದೂರ ಹರಡಿದೆ, ಅದರಲ್ಲಿ ಏನೇನು ಬೆರೆತಿದೆ, ವೆಚ್ಚ ನಿಂತಿರುವುದು ಇದರ ಮೇಲಲ್ಲವೇ? ಇದರಲ್ಲಿ ಯಾವುದನ್ನು ತಾವು ಕಡಿಮೆ ಮಾಡಿದಿರಿ? ನಮ್ಮ ಸೀಮೆಯಲ್ಲಿ ನೀರು ಕೆರೆಯ ಹಾಗೆ ನೆಲದಡಿ ಒಂದೆಡೆ ನಿಂತಿಲ್ಲ. ಬಂಡೆಯ ಬಿರುಕುಗಳಲ್ಲಿ ಅಡಗಿದೆ. ಯಾವ ಬಿರುಕು ಯಾರ ಬಾವಿಗೆ ಹೋಗುತ್ತದೆಂದು ಹುಡುಕುವುದಕ್ಕೇ ದುಡ್ಡು ಬೇಕು. ಪೈಪು ಇಳಿಸಿದ ಮೊದಲ ವಾರ ಒಬ್ಬ ಆಳಿನ ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಂದು ಸರ್ಕಾರದ ಖಜಾನೆ ಸಾಲದು ಎನ್ನುತ್ತೀರಿ. ವೆಚ್ಚ ಹೆಚ್ಚೆಂದು ಕಾಯುತ್ತೀರಿ, ಕಾದಷ್ಟೂ ಅದು ಹೆಚ್ಚುತ್ತದೆ. ಪೈಪಂತೂ ಇವತ್ತಿಗೂ ಹಾಗೇ ಇದೆ. ಹೀಗೆ ಕೊಳೆ ಇಳಿಸಲು ಬತ್ತಿದ ಬೋರುಗಳಿಗೇನು ಬರ, ಚಿಂತಾಮಣಿಯಿಂದ ಗೌರಿಬಿದನೂರಿನವರೆಗೂ ಬಾಯಿ ತೆರೆದುಕೊಂಡು ಕೂತಿವೆ.

ಆದ್ದರಿಂದ ಆ ಪೈಪು ಕೀಳಿಸಿ, ಶೆಡ್ಡಿನ ಬೋರನ್ನು ಭದ್ರವಾಗಿ ಮುಚ್ಚಿಸಿ. ಹೊಸ ಬೋರಿನ ಮೋಟಾರು ನಿಲ್ಲಿಸಿ. ಓಬಳಮ್ಮನವರ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶ ಬರುವವರೆಗೆ ಬೀದಿಗೆ ಟ್ಯಾಂಕರು ಕಳಿಸಿ. ನಿನ್ನೆ ಓಬಳಮ್ಮನವರು ಕೇಳಿದರು: “ಮೇಡಮ್ಮೋರೇ, ಬಾಣಂತಿ ಎದ್ಮೇಲೆ ಗಂಗೆ ಪೂಜೆ ಮಾಡಿ ನೀರು ಸೇದ್ಬೇಕಲ್ಲ, ಯಾವ ಬಾವೀಲಿ ಸೇದಿಸ್ಲಿ?” ಆ ಪ್ರಶ್ನೆಯನ್ನು ತಮಗೆ ಕಳಿಸುತ್ತಿದ್ದೇನೆ. ಮಗು ತಮ್ಮ ಅನುದಾನಕ್ಕೆ ಕಾಯುವುದಿಲ್ಲ.

ಇಂತಿ,
ಬೇರೆ ನೀರಿಲ್ಲದೆ, ಸದ್ಯಕ್ಕೆ ಆ ಬಾವಿಯದನ್ನೇ ಕುಡಿಯುತ್ತಿರುವ
ತಮ್ಮ ಹಳೆಯ ಅರ್ಜಿದಾರಳು