ಊಟಕ್ಕೆ ಬಾರದ ಹುಡುಗಿ

ಗದಗ
ರವಿವಾರ, ೩ ಡಿಸೆಂಬರ್ ೨೦೨೩

ಪ್ರೀತಿಯ ಅಪ್ಪಾ,

ನಿಮಗೂ ಅವ್ವನಿಗೂ ನನ್ನ ಸಲಾಂ. ನಿಮ್ಮ ಕೆಮ್ಮು ಹೇಗಿದೆ? ಹತ್ತಿ ಹಿಂಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀರೋ ಇಲ್ಲವೋ ಎಂದು ಅವ್ವನನ್ನು ಕೇಳಿದರೆ ಅವಳು ನಿಮ್ಮ ಪರವಾಗಿ ಸುಳ್ಳು ಹೇಳುತ್ತಾಳೆ, ಅದು ದನಿಯಲ್ಲೇ ಗೊತ್ತಾಗುತ್ತದೆ. ಇದು ಮದುವೆಯ ಹಂಗಾಮು, ಗಾದಿಗಳ ಕೆಲಸ ಜೋರಿರಬೇಕು. ಡೋಣಿಯಲ್ಲಿ ಗುಡ್ಡದ ಕಡೆಯ ಚಳಿಗಾಳಿ ಶುರುವಾಗಿರುತ್ತದೆ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಕೇಳಿಸದ ಕಿವಿಗೆ ಮಫ್ಲರ್ ಯಾಕೆ ಎಂದು ನಗಬೇಡಿ. ಕೇಳಿಸದ ಕಿವಿಗೂ ಚಳಿಯಾಗುತ್ತದೆ.

ಫೋನಿನಲ್ಲಿ ನಿಮ್ಮೊಂದಿಗೆ ಮಾತಾಡಲು ಆಗುವುದಿಲ್ಲ. ಅವ್ವನ ಕೈಯಲ್ಲಿ ಹೇಳಿಸಿದರೆ ಅವಳು ನಿಮ್ಮ ಕಿವಿಯ ಹತ್ತಿರ ಕೂಗಬೇಕು, ಆಗ ಇಡೀ ಓಣಿಗೆ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದ. ಮೊಹಸಿನಣ್ಣ ಬೆಳಿಗ್ಗೆ ಟೆಂಪೋ ತಂದಿದ್ದ. ಬೆಟಗೇರಿಯಲ್ಲಿ ಹತ್ತಿ ಇಳಿಸಿ ಮಧ್ಯಾಹ್ನ ಊರಿಗೆ ಮರಳುವಾಗ ಇದನ್ನು ಒಯ್ಯುತ್ತೇನೆ ಎಂದಿದ್ದಾನೆ. ಅತ್ತೆಯ ಮಗನಾದರೂ ಅವನು ಓದಿಬಿಡುವ ಪೈಕಿ, ಆದ್ದರಿಂದ ಗೋಂದು ಹಚ್ಚಿಯೇ ಕೊಡುತ್ತೇನೆ. ನೀವು ಹೇಳಿ ಕಳಿಸಿದ ಮಾತನ್ನು ಅವನು ಹಾಸ್ಟೆಲಿನ ಗೇಟಿನ ಹತ್ತಿರ ನಿಂತೇ ಮುಟ್ಟಿಸಿದ. “ನಾಳೆ ಬಿಟ್ಟು ಮುಂದಿನ ಸೋಮವಾರ ಸಾಮಾನು ತುಂಬ್ಕೊಂಡು ಬರ್ಬೇಕಂತ. ಮುಂಡರಗಿ ಕಾಲೇಜಿಗೆ ಮನಿಯಿಂದ ಹೋಗಿ ಬಂದ್ರಾತಂತ.” ನಾನು ಯಾಕೆ ಎಂದು ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ, ಟೆಂಪೋದ ಹಗ್ಗ ಬಿಗಿಯುತ್ತ ಹೇಳಿದ: “ಮಾವ ಮೊನ್ನೆ ಇಲ್ಲಿಗೆ ಬಂದಿದ್ದ. ನಿನಗ ಗೊತ್ತಿಲ್ಲೇನ?”

ನನಗೆ ಗೊತ್ತಿರಲಿಲ್ಲ ಅಪ್ಪಾ. ನಾನು ಊಟಕ್ಕೆ ಬಂದಿಲ್ಲ ಎಂದು ನಿಮ್ಮ ಫೋನಿಗೆ ಸಂದೇಶಗಳು ಬರುತ್ತಿದ್ದದ್ದೂ ಗೊತ್ತಿರಲಿಲ್ಲ. ನೀವು ಅಂಗಡಿ ಮುಚ್ಚಿ, ಅವ್ವನಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು, ಡಂಬಳದ ಬಸ್ಸು ಹಿಡಿದು ಬಂದದ್ದು, ಹಾಸ್ಟೆಲಿನ ಎದುರು ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತದ್ದು, ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ನಾನು ಒಬ್ಬಳೇ ಗೇಟು ದಾಟಿ ಹೊರಗೆ ಹೋದದ್ದನ್ನು ನೋಡಿದ್ದು, ಆಮೇಲೆ ಗಂಟು ಬಿಚ್ಚದೆ ಹಾಗೇ ಕಡೆಯ ಬಸ್ಸಿಗೆ ಮನೆಗೆ ಹೋದದ್ದು, ನೀವು ಅವನೊಬ್ಬನ ಮುಂದೆ ಹೇಳಿದ್ದೆಲ್ಲವನ್ನೂ ಮೊಹಸಿನಣ್ಣ ಹೇಳಿದ. ಅವ್ವ ಕೇಳಿದ್ದಕ್ಕೆ “ಅಕಿ ಅಲ್ಲಿ ಇರಲಿಲ್ಲ” ಎಂದಷ್ಟೇ ಅಂದಿರಂತೆ. ಯಾರ ಜೊತೆ ಹೋದಳು, ಎಲ್ಲಿಗೆ ಹೋದಳು ಎಂದು ನೀವು ಒಂದು ಮಾತೂ ಆಡಿಲ್ಲ. “ಮನ್ಯಾಗ ಯಾರೂ ಏನೂ ಅಂದಿಲ್ಲ, ಅದ ಹೆಚ್ಚಾಗೇತಿ” ಎಂದು ಮೊಹಸಿನಣ್ಣ ಅಂದ. ಅದಕ್ಕಾಗಿಯೇ ನಾನು ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ಪೂರ್ತಿ ಓದಿದ ಮೇಲೆ ಸೋಮವಾರದ ಮಾತು ನಿರ್ಧರಿಸಿರಿ.

ಆ ಸಂದೇಶಗಳು ಸುಳ್ಳು. ಬರೆದವಳು ನಾನೇ, ಆದರೆ ನಿಮಗೆ ಬರೆದದ್ದಲ್ಲ. ನಮ್ಮ ಹಾಸ್ಟೆಲಿನಲ್ಲಿ ಅಡಿಗೆ ಮಾಡುವ ಫಕ್ಕೀರವ್ವನಿಗೆ ಎಷ್ಟು ರೊಟ್ಟಿ ಬಡಿಯಬೇಕೆಂದು ದಿನವೂ ತಿಳಿಯುವುದಿಲ್ಲ. ಒಂದು ದಿನ ಹೆಚ್ಚಾಗಿ ದನಗಳ ಪಾಲು, ಮರುದಿನ ಕಡಿಮೆಯಾಗಿ ಅವಳಿಗೆ ಬೈಗುಳ. ಅದಕ್ಕೆಂದು ನಮ್ಮ ಕಾಲೇಜಿನ ಮೂರನೇ ವರ್ಷದ ಹೊನ್ನೇಶ ಎಂಬಾತ ಒಂದು ಆಪ್ ಮಾಡುತ್ತಿದ್ದಾನೆ. ರಾತ್ರಿ ಊಟಕ್ಕೆ ಬರುತ್ತೇವೋ ಇಲ್ಲವೋ ಎಂದು ಹುಡುಗಿಯರು ಮಧ್ಯಾಹ್ನವೇ ಅದರಲ್ಲಿ ಒತ್ತಬೇಕು. ಬರುತ್ತೇನೆಂದು ಒತ್ತಿ ಬಾರದಿದ್ದವಳ ಮನೆಗೆ ಸಂದೇಶ ಹೋಗುತ್ತದೆ. ನಮ್ಮ ಕ್ಲಾಸಿನಲ್ಲಿ ಯಾರಿಗೆ ಆಸಕ್ತಿ ಇದೆ ಎಂದು ಆತ ಕೇಳಿದಾಗ ನಾನು ಕೈ ಎತ್ತಿರಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು, ಇಂಗ್ಲಿಷಿನಲ್ಲಿ ಕೇಳೋಣವೆಂದು ಹೊರಟು ಅರ್ಧಕ್ಕೆ ಸಿಕ್ಕಿಬಿದ್ದೆ. “ಕನ್ನಡದಾಗ ಹೇಳವಾ, ಕಂಪ್ಯೂಟರಿಗೆ ಎರಡೂ ಅಷ್ಟ” ಎಂದ. ನನಗೆ ಟೆಸ್ಟ್ ಬರೆಯುವ ಕೆಲಸ ಕೊಟ್ಟ.

ಟೆಸ್ಟ್ ಅಂದರೆ ಪರೀಕ್ಷೆ ಬರೆಯುವುದಲ್ಲ. ನಾನು ಸಣ್ಣವಳಿದ್ದಾಗ ನೀವು ಗಾದಿಯ ಕಡೆಯ ಮಗ್ಗಲು ಹೊಲಿಯುವ ಮೊದಲು ನನ್ನನ್ನು ಅದರ ಮೇಲೆ ಉರುಳಾಡಲು ಬಿಡುತ್ತಿದ್ದಿರಲ್ಲ, “ಎಲ್ಲೆರ ಗಂಟು ಚುಚ್ಚತೈತೇನ?” ಎಂದು ಕೇಳುತ್ತಿದ್ದಿರಿ. ನಾನು ಮಾಡುವುದು ಅದೇ. ಆದರೆ ಇಲ್ಲಿ ಉರುಳುವುದು ನಾನಲ್ಲ, ನಾನು ಬರೆದಿಟ್ಟ ಪ್ರೋಗ್ರಾಮು. ಸೆಲೆನಿಯಂ ಎಂಬುದೊಂದಿದೆ. ಅದನ್ನು ಓಡಿಸಿದರೆ ಪರದೆಯ ಮೇಲೆ ಆಪ್ ತಾನೇ ತೆರೆದುಕೊಳ್ಳುತ್ತದೆ, ಹೆಸರು ತಾನೇ ಬೀಳುತ್ತದೆ, ಗುಂಡಿ ತಾನೇ ಒತ್ತಿಕೊಳ್ಳುತ್ತದೆ, ಮನುಷ್ಯರು ಕಾಣುವುದೇ ಇಲ್ಲ. ಮೊದಲ ಸಲ ನೋಡಿದಾಗ ಬಿಸ್ಮಿಲ್ಲಾ ಎಂದುಬಿಟ್ಟೆ. ಇನ್ನೊಂದು ಜೆಂಕಿನ್ಸ್. ಅದು ಮೇಸ್ತ್ರಿ ಇದ್ದ ಹಾಗೆ. ಹೊನ್ನೇಶ ಆಪಿನಲ್ಲಿ ಒಂದು ಬಣ್ಣ ಬದಲಿಸಿದರೂ ಸಾಕು, ಅದು ಎದ್ದು ನನ್ನ ಟೆಸ್ಟುಗಳನ್ನೆಲ್ಲ ಮತ್ತೆ ಓಡಿಸುತ್ತದೆ. ಒಂದು ತಪ್ಪಿದರೂ ಕೆಂಪು, ಕೆಲಸ ನಿಂತಿತು. ಎಲ್ಲ ಹಸಿರಾದರೆ ಹೊಸ ಆಪ್ ತಾನಾಗಿಯೇ ಸರ್ವರ್‌ಗೆ, ಅಂದರೆ ಎಲ್ಲರೂ ಬಳಸುವ ಕಂಪ್ಯೂಟರಿಗೆ ಹೋಗಿ ಕೂಡುತ್ತದೆ. ಗಂಟಿಲ್ಲದ ಗಾದಿ ತಾನೇ ಟೆಂಪೋ ಏರಿ ಗಿರಾಕಿಯ ಮನೆ ಸೇರಿದ ಹಾಗೆ. ಮೊಹಸಿನಣ್ಣನಿಗೆ ಹಿಂದೊಮ್ಮೆ ಇದನ್ನು ಹೇಳಿದರೆ “ನನ್ನ ಹೊಟ್ಟಿ ಮ್ಯಾಲ ಹೊಡಿತಿ” ಎಂದ.

ಈ ಸಾಫ್ಟ್‌ವೇರುಗಳಿಗೆ ಒಡೆಯ ಒಬ್ಬನಿಲ್ಲ. ಯಾರು ಯಾರೋ ಬರೆದು, ಬೇಕಾದವರು ಬಳಸಲಿ, ಬೇಕಾದವರು ಬಿಚ್ಚಿ ನೋಡಿ ತಿದ್ದಲಿ ಎಂದು ತೆರೆದಿಟ್ಟಿದ್ದಾರೆ. ಓಪನ್ ಸೋರ್ಸ್ ಎನ್ನುತ್ತಾರೆ. ತಿಳಿಯದಿದ್ದರೆ ಅಲ್ಲೇ ಪ್ರಶ್ನೆ ಬರೆಯಬಹುದು. ನಾನು ಒಂದು ಸಲ ಹೆದರಿ ಹೆದರಿ ಬರೆದೆ. ಯಾವ ದೇಶದವರೋ, ಗಂಡಸೋ ಹೆಂಗಸೋ, ಒಳ್ಳೆಯ ಪ್ರಶ್ನೆ ಎಂದು ಉತ್ತರ ಕೊಟ್ಟರು. ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಆ ದಿನ ನನ್ನನ್ನು ಮಾತಾಡಿಸಿದವರು ಅವರೊಬ್ಬರೇ.

ತಪ್ಪಾದದ್ದು ಹೀಗೆ. ಊಟಕ್ಕೆ ಬಾರದವಳ ಮನೆಗೆ ಸಂದೇಶ ಸರಿಯಾಗಿ ಹೋಗುತ್ತದೋ ಇಲ್ಲವೋ ಎಂದು ನೋಡಲು ಒಬ್ಬ ಸುಳ್ಳು ಹುಡುಗಿ ಬೇಕಿತ್ತು. ಬೇರೆಯವರ ಹೆಸರು ಹಾಕಿದರೆ ಅವರು ಏನಾದರೂ ಅಂದುಕೊಂಡಾರು ಎಂದು ನನ್ನ ಹೆಸರನ್ನೇ ಹಾಕಿದೆ. ಟೆಸ್ಟಿನೊಳಗೆ ಜಾಸ್ಮಿನ ಎಂಬವಳು ಬರುತ್ತೇನೆಂದು ಒತ್ತುತ್ತಾಳೆ, ಯಾವತ್ತೂ ಬರುವುದಿಲ್ಲ. ಅದೇ ಅವಳ ಕೆಲಸ. ಇನ್ನು ಅವಳ ಮನೆಯ ಫೋನ್ ಸಂಖ್ಯೆ. ಮನಸ್ಸಿಗೆ ಬಂದದ್ದನ್ನು ಬರೆದು, ಅದು ಯಾರದೋ ಖರೆ ಸಂಖ್ಯೆಯೇ ಆಗಿಬಿಟ್ಟು, ಯಾರದೋ ಮನೆಯಲ್ಲಿ ಗಾಬರಿಯಾದರೆ? ಆ ಹೆದರಿಕೆಗೆ ನನಗೆ ಬಾಯಿಪಾಠವಿದ್ದ ಒಂದೇ ಸಂಖ್ಯೆ, ನಿಮ್ಮದನ್ನು, ಬರೆದೆ. ಹೇಗೂ ಟೆಸ್ಟಿನಲ್ಲಿ ನಿಜವಾದ ಸಂದೇಶ ಹೋಗದಂತೆ ಕಟ್ಟು ಹಾಕಿದ್ದೆ. ಅಷ್ಟಾಗಿಯೂ ಹೋದರೆ ಅಪ್ಪನಿಗೆ ರಿಂಗ್ ಕೇಳಿಸುವುದಿಲ್ಲ ಎಂದುಕೊಂಡೆ. ನೀವು ಫೋನನ್ನು ಅಂಗಿಯ ಎದೆಯ ಕಿಸೆಯಲ್ಲಿ, ನಡುಗುವ ಹಾಗೆ ಇಟ್ಟುಕೊಂಡಿರುತ್ತೀರಿ ಎಂಬುದು ಯಾಕೋ ನೆನಪಾಗಲಿಲ್ಲ. ನಾನು ಹಾಕಿದ ಕಟ್ಟು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಹೊನ್ನೇಶ ಎಲ್ಲವನ್ನೂ ಜೆಂಕಿನ್ಸಿಗೆ ಒಪ್ಪಿಸಿದಾಗ ಅದು ಆ ಕಡೆಗೆ ಹೋಗಲಿಲ್ಲ. ಆತ ಏನೇ ತಿದ್ದಲಿ, ಟೆಸ್ಟ್ ಓಡುತ್ತಿತ್ತು, ಜಾಸ್ಮಿನ ಊಟಕ್ಕೆ ಬರುತ್ತಿರಲಿಲ್ಲ, ನಿಮ್ಮ ಎದೆಯ ಮೇಲೆ ಫೋನು ನಡುಗುತ್ತಿತ್ತು. “ತಮ್ಮ ಮಗಳು ಜಾಸ್ಮಿನ ಇಂದು ರಾತ್ರಿ ಊಟಕ್ಕೆ ಹಾಜರಾಗಿಲ್ಲ.” ಇಲ್ಲಿ ನಮಗೆ ಪರದೆಯ ತುಂಬ ಹಸಿರು. ಸಂದೇಶ ಹೋಯಿತೇ ಎಂದರೆ ಹೋಯಿತು, ಟೆಸ್ಟ್ ಪಾಸು. ನಾವು ಖುಷಿಯಿಂದ ಚಹಾ ಕುಡಿದೆವು. ಇಂಗ್ಲಿಷಿನಲ್ಲಿದ್ದರೆ ನೀವು ಓದುತ್ತಲೂ ಇರಲಿಲ್ಲ. ಹಳ್ಳಿಯ ಅಪ್ಪಂದಿರಿಗೆ ತಿಳಿಯಬೇಕು, ಕನ್ನಡದಲ್ಲೇ ಇರಲಿ ಎಂದು ಹಟ ಮಾಡಿದವಳು ನಾನೇ.

ಮೊಹಸಿನಣ್ಣ ಹೋದ ಕೂಡಲೇ ಹೊನ್ನೇಶನಿಗೆ ಫೋನ್ ಮಾಡಿದೆ. ಆತ ಮೊದಲು ನಂಬಲಿಲ್ಲ. “ಎಲ್ಲಾ ಹಸಿರ ಇತ್ತಲ್ಲವಾ” ಎಂದ. ಸಂದೇಶಗಳ ಯಾದಿ ತೆಗೆದು ನೋಡಿದ ಮೇಲೆ ನಂಬಿದ. ಈಗ ಸರ್ವರಿನಲ್ಲೂ ಕಟ್ಟು ಹಾಕಿದ್ದಾನೆ, ಟೆಸ್ಟಿನ ಸಂದೇಶ ಯಾರ ಖರೆ ಫೋನಿಗೂ ಹೋಗಬಾರದು ಎಂಬುದಕ್ಕೇ ಒಂದು ಟೆಸ್ಟ್ ಸೇರಿಸಿದ್ದೇವೆ. ತಾನೇ ನಿಮ್ಮ ಜೊತೆ ಮಾತಾಡಿ ತಪ್ಪಾಯಿತು ಎನ್ನುತ್ತೇನೆ ಎಂದ. ಅಪ್ಪನಿಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಹಿಂಜುವ ಮಶೀನಿನ ಸದ್ದಿಗೆ ಕಿವಿ ಹೋಗಿವೆ ಎಂದೆ. “ಹಂಗಾರ ನೀನ ಬರಿ, ಎಲ್ಲಾ ಬರಿ” ಎಂದ.

ಇನ್ನು ನೀವು ಕಣ್ಣಾರೆ ಕಂಡದ್ದು. ಅಪ್ಪಾ, ನಾನು ಲ್ಯಾಬಿಗೆ ಹೋಗುತ್ತಿದ್ದೆ. ಟೆಸ್ಟ್ ಬರೆಯುವುದು ಬಹಳ ಇರುತ್ತದೆ. ಊಟ ಆಮೇಲೆ ಮಾಡುತ್ತೇನೆ, ಫಕ್ಕೀರವ್ವ ಮುಚ್ಚಿಟ್ಟಿರುತ್ತಾಳೆ. ಅವಳು ಒಳ್ಳೆಯವಳು. “ತೆಳ್ಳಗಾಗೀಯಲ್ಲ ಯವ್ವಾ, ನಿಮ್ಮಪ್ಪ ನನ್ನ ಬೈತಾನ” ಎನ್ನುತ್ತಾಳೆ, ನಿಮ್ಮನ್ನು ನೋಡದೆಯೇ. ಹಾಸ್ಟೆಲು ನನಗೆ ಹೊಸದಲ್ಲ, ಆರನೇ ಇಯತ್ತೆಯಿಂದ ವಸತಿ ಶಾಲೆಯ ಹಾಸ್ಟೆಲಿನಲ್ಲೇ ಬೆಳೆದವಳು. ಒಂದು ವ್ಯತ್ಯಾಸ ಮಾತ್ರ ಇದೆ. ಆ ಶಾಲೆಯಲ್ಲಿ ಊಟಕ್ಕೆ ಹಾಜರಿ ನಂಬರಿನ ಪ್ರಕಾರ ಸಾಲಾಗಿ ಕೂಡಬೇಕಿತ್ತು. ಬೇಕಿದ್ದರೂ ಬೇಡವಾಗಿದ್ದರೂ ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಜಗಳವಾಡಿದ ದಿನವೂ ಉಪ್ಪು ದಾಟಿಸಲೇಬೇಕು. ಇಲ್ಲಿ ಯಾರು ಎಲ್ಲಿ ಬೇಕಾದರೂ ಕೂಡಬಹುದು. ತಾಟು ಹಿಡಿದು ನಿಂತಾಗ ಎಲ್ಲಿ ಕೂಡಬೇಕೆಂದು ನನಗೆ ತಿಳಿಯುವುದಿಲ್ಲ. ಖಾಲಿ ಕುರ್ಚಿ ಕಂಡು ಹತ್ತಿರ ಹೋದರೆ ಯಾರೋ ಬರುತ್ತಾರೆ ಎನ್ನುತ್ತಾರೆ, ಕೆಲವು ಸಲ ಖರೇನೇ ಬರುತ್ತಾರೆ. ಅವರು ಇಂಗ್ಲಿಷಿನಲ್ಲಿ ನಗಾಡುವಾಗ ನಾನು ನಗುವುದು ಒಂದು ಗಳಿಗೆ ತಡವಾಗುತ್ತದೆ. ಆಪಿನಲ್ಲಿ ಕೂಡುವ ಜಾಗಕ್ಕೂ ನಂಬರ್ ಹಾಕೋಣವೇ ಎಂದು ಹೊನ್ನೇಶನನ್ನು ಕೇಳಿದ್ದೆ. “ಇದೇನ ಎಕ್ಸಾಮ್ ಹಾಲ್ ಏನವಾ?” ಎಂದು ನಕ್ಕ. ನಾನೂ ನಕ್ಕೆ. ಇದೆಲ್ಲ ಸಣ್ಣ ಮಾತು, ರೂಢಿಯಾಗುತ್ತದೆ. ಇಷ್ಟಕ್ಕೆ ಕಾಲೇಜು ಬಿಡುವುದು ಬೇಡ. ಮುಂಡರಗಿಯಲ್ಲೂ ಓದಬಹುದು, ನಾನು ಅಲ್ಲ ಅನ್ನುವುದಿಲ್ಲ. ಆದರೆ ಈ ಕೆಲಸ ಇಲ್ಲಿದೆ. ನಾನು ಬರೆದದ್ದು ಹಸಿರಾದಾಗ ನಾನೂ ಎಲ್ಲೋ ಒಂದು ಕಡೆ ಬೇಕಾದವಳು ಅನ್ನಿಸುತ್ತದೆ. ಅದನ್ನು ಬಿಟ್ಟು ಬರಲು ಹೇಳಬೇಡಿರಿ.

ಸಂದೇಶ ಸುಳ್ಳು ಎಂಬುದನ್ನು ನಂಬಿರಿ. ಬೇಕಾದರೆ ಹೊನ್ನೇಶನ ಕೈಯಲ್ಲೂ ಬರೆಸಿ ಕಳಿಸುತ್ತೇನೆ. ಅವ್ವನಿಗೆ ಇದರಲ್ಲಿ ಎಷ್ಟು ಓದಿ ಹೇಳಬೇಕೋ ಅಷ್ಟನ್ನೇ ಹೇಳಿರಿ. ರಾತ್ರಿ ನಿಮ್ಮ ಬೆನ್ನಿಗೆ ಎಣ್ಣೆ ತಿಕ್ಕುವಾಗ ನನ್ನ ಪಾಲಿನ ಎರಡು ಗುದ್ದು ಹೆಚ್ಚಿಗೆ ಹಾಕಲು ಹೇಳಿರಿ. ಅಲ್ಲಾಹ ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ಕೈಗೆ ಕೆಲಸ ಕಡಿಮೆ ಬೀಳದಿರಲಿ, ಕೆಮ್ಮು ಹೋಗಲಿ.

ನಿಮ್ಮ ಮಗಳು
ಜಾಸ್ಮಿನ

ತಾ.ಕ.: ಮೊಹಸಿನಣ್ಣ ಬಂದು ಹಾರ್ನ್ ಹೊಡೆಯುತ್ತಿದ್ದಾನೆ. ಗೋಂದು ಹಚ್ಚಿದ್ದನ್ನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅಪ್ಪಾ, ಲ್ಯಾಬು ಸಂಜೆ ಐದಕ್ಕೇ ಮುಚ್ಚುತ್ತದೆ. ಅವತ್ತು ನಾನು ಸ್ಟೇಷನ್ನಿಗೆ ಹೋಗಿದ್ದೆ. ಬಹಳ ಸಲ ಹೋಗುತ್ತೇನೆ. ಯಾರ ಜೊತೆಯೂ ಅಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಒಬ್ಬಳೇ ಕೂತು ಬನ್ನು ತಿಂದರೆ ರೈಲು ಕಾಯುತ್ತಿದ್ದಾಳೆ ಎಂದುಕೊಂಡು ಯಾರೂ ಏನೂ ಕೇಳುವುದಿಲ್ಲ. ಸಂದೇಶ ಕಳಿಸಿದ್ದು ಮಶೀನು, ಅದಕ್ಕೆ ನನ್ನ ವಿಷಯ ಏನೂ ಗೊತ್ತಿಲ್ಲ, ಆದರೂ ಅದು ಹೇಳಿದ್ದು ಖರೆ. ನನ್ನನ್ನು ಮನೆಗೆ ಒಯ್ಯಬೇಡ. ಶುಕ್ರವಾರ ನಮಾಜ್ ಮುಗಿಸಿ ಬಾ, ಹಾಸ್ಟೆಲಿನಲ್ಲಿ ಅಪ್ಪಂದಿರಿಗೂ ಊಟ ಹಾಕುತ್ತಾರೆ, ಕೇಳಿದ್ದೇನೆ. ಈ ಸಲ ರಸ್ತೆಯ ಆಚೆ ನಿಲ್ಲಬೇಡ. ನನ್ನ ಹೆಸರು ಹಿಡಿದು ಕೂಗು. ನಿನಗೆ ನಿನ್ನ ದನಿ ಕೇಳಿಸದಿದ್ದರೂ ನನಗೆ ಕೇಳಿಸುತ್ತದೆ.